ಅವಧಿಗೆ ಮುಂಚೆ ಮನೆ ಬಿಟ್ಟೆ, ಅಡ್ವಾನ್ಸೂ ವಾಪಸ್ ಬಂತು

"ಹನ್ನೊಂದು ತಿಂಗಳು ತುಂಬದೆ ಬಿಟ್ಟರೆ ಅಡ್ವಾನ್ಸ್ ಹೋಯ್ತು ಅಂತಲೇ ತಿಳ್ಕೊ." ಕಾರವಾರದಲ್ಲಿ ಕೇಳಿದವರೆಲ್ಲ ಹೇಳಿದ್ದು ಇದನ್ನೇ. ನಾನು ಕೊಟ್ಟಿದ್ದು 50,000. ವಾಪಸ್ ಬಂದದ್ದು ಸುಮಾರು 47,000. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಕೋಡಿಬಾಗದ ಕಡೆ, ಬಾಡಿಗೆ ಒಂಬತ್ತು ಸಾವಿರದ ಆಸುಪಾಸು. ಮೇ ಕೊನೆಗೆ ಶಿರಸಿಗೆ ವರ್ಗವಾಯಿತು. ಕರಾರಿನಲ್ಲಿ ಇನ್ನೂ ಐದಾರು ತಿಂಗಳಿತ್ತು. ನಡುವೆ ಬಿಟ್ಟರೆ ಉಳಿದ ಬಾಡಿಗೆ ಪೂರ್ತಿ ಕೊಡಬೇಕು ಅಂತ ಬರೆದಿತ್ತು.

ಮೊದಲು ಮಾಲೀಕರನ್ನು ಬಾಯಿಮಾತಿನಲ್ಲಿ ಕೇಳಿದೆ, ಒಪ್ಪಲಿಲ್ಲ. ಅಡ್ವಾನ್ಸಿನಲ್ಲೇ ಬಾಡಿಗೆ ಮುರಿದುಕೊಳ್ಳಿ ಅಂದೆ, ಜಗಳವಾಯಿತು. ವಕೀಲರ ನೋಟಿಸಿಗೆ ಎರಡೂವರೆ ಸಾವಿರ ಖರ್ಚಾಯಿತು. ಅದು ತಲುಪಿದ ಮೇಲೆ ಮಾಲೀಕರು ಫೋನ್ ಎತ್ತುವುದನ್ನೇ ಬಿಟ್ಟರು. 1872ರ ಕರಾರು ಕಾಯ್ದೆಯ 74ನೇ ಕಲಂ ನನ್ನ ಕಡೆಗಿತ್ತು. ದಂಡ ಎಷ್ಟೇ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಆದರೆ ಇಷ್ಟು ಹಣಕ್ಕೋಸ್ಕರ ಕೋರ್ಟಿಗೆ ಯಾರು ಅಲೆಯುತ್ತಾರೆ?

ನಿಜವಾದ ತೊಡಕು ಬೇರೆ ಇತ್ತು. ನನ್ನ ಅಡ್ವಾನ್ಸ್ ಮಾಲೀಕರ ಕೈಯಲ್ಲಿ ಉಳಿದೇ ಇರಲಿಲ್ಲ. ಮಳೆಗಾಲದಲ್ಲಿ ಮನೆ ಖಾಲಿ ಬೀಳುವ ಭಯ ಬೇರೆ. ಎರಡಕ್ಕೂ ಮದ್ದು ಒಂದೇ, ಹೊಸ ಬಾಡಿಗೆದಾರ. ಅವರನ್ನು ನಾನೇ ತರುತ್ತೇನೆ ಅಂದೆ.

ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರು ತಣ್ಣಗಿರುತ್ತದೆ, ಮನೆ ಕೇಳುವವರು ಕಡಿಮೆ. ಆದರೆ ವರ್ಗವಾಗಿ ಬರುವವರು, ಕೈಗಾಕ್ಕೋ ಅರ್ಗಾದ ನೌಕಾನೆಲೆಗೋ ಗುತ್ತಿಗೆ ಕೆಲಸಕ್ಕೆ ಬರುವವರು ಆಗಲೂ ಹುಡುಕುತ್ತಿರುತ್ತಾರೆ. ಮೊದಲು ಬಂದವರಿಗೆ ಮೀನು ಬೇಯಿಸಲು ಮಾಲೀಕರು ಒಪ್ಪಲಿಲ್ಲ. ಇನ್ನೊಬ್ಬರು ಗೋಡೆಯ ತೇವ ನೋಡಿ ಹೋದರು.

ಈ ಗೋಡೆಯ ಕಥೆ ಹೇಳಲೇಬೇಕು. ಚಿರೆಕಲ್ಲಿನ ಗೋಡೆ, ಮಳೆ ಹಿಡಿದರೆ ನೀರು ಕುಡಿಯುತ್ತದೆ. ಪೇಂಟರ್ ಹನ್ನೆರಡು ಸಾವಿರ ಹೇಳಿದ. ನಾನು ಪರೀಕ್ಷೆಗೆ ಒಂದು ಬದಿಗೆ ಡಿಸ್ಟೆಂಪರ್, ಪಕ್ಕದ್ದಕ್ಕೆ ಸುಣ್ಣ ಬಳಿದೆ. ಡಿಸ್ಟೆಂಪರ್ ವಾರದೊಳಗೆ ಗುಳ್ಳೆ ಎದ್ದು ಉದುರಿತು. ಸುಣ್ಣ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಹಾಗಾಗಿ ನಿಂತಿತು. ಬ್ರಷ್ ಸೇರಿ ಏಳೆಂಟು ನೂರರಲ್ಲಿ ಮನೆಯೇ ಬೆಳ್ಳಗಾಯಿತು! ಸುಣ್ಣಕ್ಕೆ ಏನು ಬೆರೆಸಿದೆ ಅನ್ನುವುದು ನನ್ನಲ್ಲೇ ಇರಲಿ. ಮುಂದೆ ಬಂದ ಕುಟುಂಬ ಅದೇ ದಿನ ಒಪ್ಪಿತು. ಅವರು ಎಲ್ಲಿ ಸಿಕ್ಕರು ಅಂತಲೂ ಹೇಳಲ್ಲ, ಆ ಜಾಗ ನನಗೆ ಮತ್ತೆ ಬೇಕಾಗುತ್ತದೆ.

ಆಮೇಲೆ ಒಂದೇ ಹಾಳೆಯ ಪತ್ರ ಬರೆದೆ. ನಾನು ಚಾವಿ ಕೊಡುವ ದಿನ, ಮರುದಿನವೇ ಹೊಸಬರ ಬಾಡಿಗೆ ಶುರು, ಮನೆ ಒಂದು ದಿನವೂ ಖಾಲಿ ಇಲ್ಲ. ಸ್ಪೀಡ್ ಪೋಸ್ಟ್ ಮಾಡಿ, ವಾಟ್ಸಾಪಿಗೂ ಹಾಕಿದೆ. ಅದಕ್ಕೆ ಮಾಲೀಕರು ತಾವೇ ಫೋನ್ ಮಾಡಿದರು.

ಮೂವರೂ ಒಂದೇ ಮೇಜಿಗೆ ಕೂತೆವು. ಹೊಸಬರ ಅಡ್ವಾನ್ಸ್ ಮಾಲೀಕರ ಖಾತೆಗೆ ಬಂತು, ಅಲ್ಲಿಂದ ನನ್ನ ಖಾತೆಗೆ. ಹಣ ಬಂದ ಮೇಲೆಯೇ ಚಾವಿ ಕೊಟ್ಟೆ. ಹಳೆಯ ಕರಾರಿನ ಮೇಲೆ 'ರದ್ದು, ಬಾಕಿ ಇಲ್ಲ' ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ನಲ್ಲಿ ರಿಪೇರಿ, ಹೊಸ ಕರಾರಿನ ಛಾಪಾಕಾಗದ, ಕೊನೆಯ ಕರೆಂಟ್ ಬಿಲ್ ಅಂತ ಮೂರು ಸಾವಿರ ಕಡಿತವಾಯಿತು. ಹೊರಡುವ ದಿನ ಹೆಸ್ಕಾಂ ಮೀಟರಿನ ಫೋಟೊ ತೆಗೆದಿದ್ದೆ. ಇಲ್ಲದಿದ್ದರೆ ಆ ಬಿಲ್ಲಿನಲ್ಲಿ ಇನ್ನೂ ಜಾಸ್ತಿ ಹೋಗುತ್ತಿತ್ತು.