ಒಂಟಿಗಾಲಿನ ಹಾರ್ಲೆಕ್ವಿನ್: ನನ್ನ ಅನುಭವ

ಒಂಟಿಗಾಲಲ್ಲಿ ನಿಂತ ಹಾರ್ಲೆಕ್ವಿನ್ (ಹಳೇ ನಾಟಕಗಳ ವಿದೂಷಕ) ಬೊಂಬೆಯನ್ನು ಪಿಂಗಾಣಿಯಲ್ಲಿ ಮಾಡಿದರೆ 1280 ಡಿಗ್ರಿ ಸೆಲ್ಸಿಯಸ್ ಶಾಖ ತಡೆಯಲ್ಲ, ಕಾಲು ಮಡಚಿಕೊಂಡು ಬಿದ್ದೇ ಬೀಳುತ್ತೆ ಅಂದವರೇ ಜಾಸ್ತಿ. ಈಗ ನನ್ನ ಕಿಲ್ನ್‌ನಲ್ಲಿ (ಮಣ್ಣಿನ ಬೊಂಬೆ ಸುಡುವ ಭಟ್ಟಿ) ಹತ್ತಕ್ಕೆ ಏಳೆಂಟು ನೆಟ್ಟಗೆ ಬರ್ತಿವೆ.

ಇಟಲಿಯ ಕಾಮೆಡಿಯಾ ಡೆಲ್ಲಾರ್ಟೆ ಎಂಬ ಮುಖವಾಡದ ಹಾಸ್ಯನಾಟಕದ ಪಾತ್ರಗಳಲ್ಲಿ ಮುದುಕ ವರ್ತಕ ಪ್ಯಾಂಟಲೋನೆ, ಪಂಡಿತ ಡಾಕ್ಟರ್ ಸುಲಭ. ಉದ್ದ ನಿಲುವಂಗಿಯೇ ಆಧಾರವಾಗುತ್ತೆ. ಹಾರ್ಲೆಕ್ವಿನ್‌ಗೆ ಅದಿಲ್ಲ. ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯ ಶಿಲ್ಪಿ ಕೆಂಡ್ಲರ್ ಇವನನ್ನು ಮರದ ಬೊಡ್ಡೆಗೆ ಒರಗಿಸುತ್ತಿದ್ದ. ಅಲ್ಲಿಯದೇ ನಿಂಫೆನ್‌ಬರ್ಗ್ ಕಾರ್ಖಾನೆಯಲ್ಲಿ ಶಿಲ್ಪಿ ಬುಸ್ಟೆಲ್ಲಿ 1760ರ ಆಸುಪಾಸು ಮಾಡಿದ 16 ಪಾತ್ರಗಳಲ್ಲಿ ಪೀಠದ ಅಲಂಕಾರದ ಸುರುಳಿಯನ್ನೇ ಎಬ್ಬಿಸಿ ಆಧಾರ ಕೊಟ್ಟ. ನಾನು ಹಿಡಿದದ್ದು ಬುಸ್ಟೆಲ್ಲಿಯ ದಾರಿ. ಸುರುಳಿ ಮೀನಖಂಡದ ಅರ್ಧದವರೆಗೆ ಬರಬೇಕು. ಕೆಳಗೇ ನಿಂತರೆ ಪಾದದ ಗಂಟಿನಲ್ಲಿ ಬಾಗುತ್ತೆ.

18 ಸೆಂ.ಮೀ. ಮಾಡೆಲ್ ಬೆಂದಾಗ ಕುಗ್ಗಿ ಹದಿನೈದೂವರೆ. ಮುಂಡ ಟೊಳ್ಳು, ಗೋಡೆ 3 ಮಿ.ಮೀ.; ಊರಿದ ಕಾಲು ಗಟ್ಟಿ. ಗಾಳಿಗೆ ತಳದಲ್ಲಿ ಸೂಜಿತೂತು ಬಿಡಿ. ತೋಳು, ಮುಂಡ ಒಂದೇ ಹಸಿಯಲ್ಲಿರುವಾಗ ಜೋಡಿಸಿ. ತೋಳು ಒಣಗಿದ್ದರೆ ಭುಜದಲ್ಲಿ ಕೂದಲಷ್ಟು ಬಿರುಕು. ಕಣ್ಣಿಗೆ ಕಾಣಲ್ಲ, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಫೈರಿಂಗ್‌ನಲ್ಲಿ ಬಾಯಿ ಬಿಡುತ್ತೆ. ಬಿಸ್ಕ್ (ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ) ಆದ ಮೇಲೆ ಅಡುಗೆ ಬಣ್ಣದ ನೀರನ್ನು ಬ್ರಷ್‌ನಲ್ಲಿ ಸವರಿ ನೋಡಿ. ಬಿರುಕಿದ್ದರೆ ಗೆರೆ ಎದ್ದು ಕಾಣುತ್ತೆ, ಬಣ್ಣ ಮುಂದೆ ಸುಟ್ಟುಹೋಗುತ್ತೆ. ಮಣ್ಣಿನ ಖರ್ಚು ಬೊಂಬೆಗೆ ನೂರು ರೂಪಾಯಿಯೂ ಇಲ್ಲ. ದುಡ್ಡು ತಿನ್ನೋದು ಕರೆಂಟು, ಗ್ಲೇಜ್ ಫೈರಿಂಗ್ ಒಂದಕ್ಕೇ ಆರೇಳುನೂರು. ಒಡಕಲನ್ನು ಒಳಗಿಟ್ಟರೆ ಅಷ್ಟೂ ದಂಡ.

ಚಾಚಿದ ತೋಳಿಗೆ ಊರುಗೋಲನ್ನು ಬೊಂಬೆಯದೇ ಸ್ಲಿಪ್‌ನಲ್ಲಿ (ಅಚ್ಚಿಗೆ ಸುರಿಯುವ ನೀರಾದ ಮಣ್ಣು) ಎರೆಯಬೇಕು, ಬೊಂಬೆಯ ಜೊತೆಗೇ ಬಿಸ್ಕ್ ಮಾಡಬೇಕು. ಅಂಗಡಿಯ ಫೈರ್‌ಕ್ಲೇ (ಶಾಖ ತಡೆಯುವ ಮಣ್ಣು) ಕಡ್ಡಿ ಮೊದಲೇ ಸುಟ್ಟದ್ದು, ಕುಗ್ಗಲ್ಲ. ಬೊಂಬೆ ಕುಗ್ಗಿದಾಗ ತೋಳನ್ನು ಮೇಲಕ್ಕೆ ನೂಕಿ ಮುರಿಯುತ್ತೆ. ತಾಗುವ ಕಡೆ ಗ್ಲೇಜ್ ಒರೆಸಿ, ಅಂಟದಿರಲು ಅಲ್ಯೂಮಿನಾ ಪುಡಿ ಹಚ್ಚಿ. ಉಳಿದ ಕಲೆ ಡೈಮಂಡ್ ಪ್ಯಾಡ್‌ನಲ್ಲಿ ಉಜ್ಜಿದರೆ ಹೋಗುತ್ತೆ. ಇಡೀ ಮೈಯನ್ನು ಎತ್ತಿದ ಕಾಲಿನ ವಿರುದ್ಧ ದಿಕ್ಕಿಗೆ ತುಸು ವಾಲಿಸಿಯೇ ಜೋಡಿಸುತ್ತೇನೆ, ಬೇಯುವಾಗ ನೆಟ್ಟಗಾಗುತ್ತೆ. ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ.

ಅಂಗಿಯ ವಜ್ರಾಕಾರದ ತುಂಡುಗಳಿಗೆ ಗ್ಲೇಜ್ ಮೇಲೆ ಪೆನ್ಸಿಲ್ ಗೆರೆ ಸಾಕು, ಸುಟ್ಟುಹೋಗುತ್ತೆ. ಕಪ್ಪು, ಹಳದಿ, ಹಸಿರು ಬಣ್ಣಗಳನ್ನು 800 ಡಿಗ್ರಿ ಹತ್ತಿರ ಸುಡಬೇಕು. ಐರನ್ ರೆಡ್ (ಕಬ್ಬಿಣದಿಂದ ಬರುವ ಕೆಂಪು) ಕೊನೆಗೆ, 760ರ ಸುಮಾರಿಗೆ. ಹಳದಿಗೆ ತಾಗಿದರೆ ಕೆಂಪು ಮಾಯ, ನಡುವೆ ಕೂದಲೆಳೆ ಬಿಳಿ ಬಿಡಲೇಬೇಕು. ಬಣ್ಣವಿಲ್ಲದ ಬರೀ ಬಿಳಿ ಬೊಂಬೆಗಳನ್ನೂ ಮಾಡಿ ನೋಡಿದೆ. ಎರಡು ಫೈರಿಂಗ್‌ನ ಖರ್ಚು ಉಳಿಯುತ್ತೆ, ಮುಖವಾಡದ ಅಂಚು ಇನ್ನೂ ಚೂಪಾಗಿ ಕಾಣುತ್ತೆ. ಆದರೆ ಗ್ಲೇಜ್ ದಪ್ಪವಾದರೆ ಆ ಅಂಚೇ ಮುಚ್ಚಿಹೋಗುತ್ತೆ, ಹಾಗಾಗಿ ಬಿಳಿಯದಕ್ಕೆ ತೆಳುವಾಗಿ ಸ್ಪ್ರೇ ಮಾಡಿ, ಅದ್ದಬೇಡಿ.