ದೂರದ ಬೀಸು ಹಿಂದಿನಿಂದಲೇ ಶುರು: ಫ್ಲೈ ಕಾಸ್ಟಿಂಗ್ ಕಲಿಯುವ ಬಗೆ

ಮಾಮೂಲಿ ಗಾಳ ಹಾಕುವವರು ದಾರದ ತುದಿಗೆ ಸೀಸದ ಗುಂಡು ಕಟ್ಟಿ ಬೀಸುತ್ತಾರೆ. ಗುಂಡು ಹಾರುತ್ತದೆ, ದಾರ ಅದರ ಬೆನ್ನು ಹಿಡಿದು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುಗುಮುರುಗು. ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ, ನೀರಿನ ಮೇಲೆ ತೇಲುವ ಚಿಕ್ಕ ಫ್ಲೈ ಒಂದು ಗ್ರಾಂನ ಹತ್ತನೇ ಒಂದು ಭಾಗವೂ ತೂಗುವುದಿಲ್ಲ. ಬರಿಗೈಯಲ್ಲಿ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಇಲ್ಲಿ ತೂಕವಿರುವುದು ದಾರದಲ್ಲಿ, ಅಂದರೆ ಪ್ಲಾಸ್ಟಿಕ್ ಲೇಪನವಿರುವ ದಪ್ಪನೆಯ ಲೈನಿನಲ್ಲಿ. ಕಲಿಯುವವರು ಹೆಚ್ಚಾಗಿ ಕೊಳ್ಳುವ 5ನೇ ನಂಬರಿನ ಲೈನಿನ ಮೊದಲ 30 ಅಡಿ 140 ಗ್ರೇನ್ ತೂಗಬೇಕೆಂಬುದು ತಯಾರಕರು ಒಪ್ಪಿಕೊಂಡಿರುವ ಅಳತೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 9 ಗ್ರಾಂ, ಮೀಟರಿಗೆ ಹೆಚ್ಚುಕಡಿಮೆ ಒಂದು ಗ್ರಾಂ. ಇಷ್ಟು ಹಗುರವಾದ ಹಗ್ಗವನ್ನು ಗಾಳಿಯಲ್ಲಿ ನೆಟ್ಟಗೆ ಬಿಚ್ಚಿಸಿ 25–30 ಮೀಟರ್ ದೂರ ಕಳಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಬೀಸುವುದನ್ನು ಅಭ್ಯಾಸ ಮಾಡಲೆಂದೇ 1938ರಲ್ಲಿ ಕಟ್ಟಿದ ಕೊಳಗಳಿವೆ. ನಾನು ಕಲಿತದ್ದು ಅಲ್ಲಿ. ಮೊದಲ ವರ್ಷವಿಡೀ ನನ್ನ ಗಮನವೆಲ್ಲ ಮುಂದಕ್ಕೆ ಬೀಸುವುದರ ಮೇಲಿತ್ತು. ಬಲ ಹಾಕಿದಷ್ಟೂ ಲೈನು ಹತ್ತಿರವೇ ಗುಡ್ಡೆಯಾಗಿ ಬೀಳುತ್ತಿತ್ತು. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ಮುಂದೆ ನೋಡುವುದನ್ನು ಬಿಟ್ಟು ತಲೆ ತಿರುಗಿಸಿ ಹಿಂದೆ ಹೋಗುವ ಲೈನನ್ನೇ ನೋಡು ಎಂದರು. ನೋಡಿದಾಗ ಅದು ನನ್ನ ಬೆನ್ನ ಹಿಂದೆ ಹಗ್ಗದ ಮಂಚದಂತೆ ಜೋತುಬಿದ್ದಿತ್ತು. ದೂರದ ಬೀಸಿನ ಸೋಲು ಗೆಲುವುಗಳೆಲ್ಲ ಹಿಂಬೀಸಿನಲ್ಲೇ ತೀರ್ಮಾನವಾಗುತ್ತವೆ ಎಂದು ನಾನು ಇಂದು ದೃಢವಾಗಿ ನಂಬಿದ್ದೇನೆ.

ಲೂಪ್ ಎಂದರೇನು?

ಕೋಲನ್ನು ವೇಗವಾಗಿ ಬೀಸಿ ಥಟ್ಟನೆ ನಿಲ್ಲಿಸಿದಾಗ ಲೈನು ಕೋಲಿನ ತುದಿಯನ್ನು ದಾಟಿ ಮುಂದೆ ಹೋಗುತ್ತದೆ ಮತ್ತು ಮಲಗಿಸಿದ 'U' ಆಕಾರದಲ್ಲಿ ಮಡಚಿಕೊಳ್ಳುತ್ತದೆ. ಇದೇ ಲೂಪ್. ಇದರ ಕೆಳಗಿನ ಕಾಲು ಕೋಲಿನ ತುದಿಗೆ ಅಂಟಿಕೊಂಡು ನಿಂತಿರುತ್ತದೆ. ಫ್ಲೈ ಇರುವ ಮೇಲಿನ ಕಾಲು ಓಡುತ್ತಿರುತ್ತದೆ. ಮೇಲಿನ ಕಾಲು ಸೆಕೆಂಡಿಗೆ 30 ಮೀಟರ್ ವೇಗದಲ್ಲಿದ್ದರೆ ಲೂಪಿನ ಮೂತಿ ಅದರ ಅರ್ಧ, ಅಂದರೆ 15 ಮೀಟರ್ ವೇಗದಲ್ಲಿ ಸಾಗುತ್ತದೆ. ಲೂಪ್ ಮುಂದೆ ಹೋದಂತೆ ಓಡುವ ಭಾಗ ಗಿಡ್ಡವಾಗುತ್ತ ಬರುತ್ತದೆ, ಉಳಿದ ಶಕ್ತಿಯೆಲ್ಲ ಕಡಿಮೆ ಕಡಿಮೆ ತೂಕದ ತುಂಡಿಗೆ ಸೇರುತ್ತದೆ. ಬಾರುಕೋಲು ಬೀಸಿದಾಗ ತುದಿ ಛಟೀರೆನ್ನುವುದು ಇದೇ ಕಾರಣಕ್ಕೆ. ಫ್ಲೈ ಕಾಸ್ಟಿಂಗ್‌ನಲ್ಲಿ ಆ ಸದ್ದು ಕೇಳಿಸಿದರೆ ತಪ್ಪಾಗಿದೆ ಎಂದೇ ಅರ್ಥ: ಹಿಂದೆ ಲೈನು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೀವು ಮುಂದಕ್ಕೆ ಎಳೆದಿದ್ದೀರಿ, ಫ್ಲೈ ಕಿತ್ತುಹೋಗಿರಲೂಬಹುದು.

ಲೂಪಿಗೆ ಎದುರಾಳಿ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ವೇಗವಿಲ್ಲದೆ ದೂರವಿಲ್ಲವಾದ್ದರಿಂದ ಉಳಿದ ದಾರಿಯೆಂದರೆ ಗಾಳಿಗೆ ಎದೆಯೊಡ್ಡುವ ಭಾಗವನ್ನು ಸಣ್ಣದಾಗಿಸುವುದು. ಒಂದೂವರೆ ಮೀಟರ್ ಎತ್ತರದ ಲೂಪಿನ ಮೂತಿ, 60 ಸೆಂಟಿಮೀಟರ್ ಎತ್ತರದ ಲೂಪಿಗಿಂತ ಎರಡೂವರೆ ಪಟ್ಟು ಅಗಲವಾಗಿ ಗಾಳಿಯನ್ನು ಸೀಳಬೇಕಾಗುತ್ತದೆ. ಹಾಗಾಗಿ ಕಿರಿದಾದ ಲೂಪ್ ನೋಡಲು ಚೆನ್ನಾಗಿರುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಅದು ಶಕ್ತಿಯ ಉಳಿತಾಯ.

ತುದಿಯ ದಾರಿ ನೆಟ್ಟಗಿರಲಿ

ಲೂಪ್ ಕಿರಿದಾಗಬೇಕಾದರೆ ಕೋಲಿನ ತುದಿ ಸರಳರೇಖೆಯಲ್ಲಿ ಚಲಿಸಬೇಕು. ಲೈನು ಹೋಗುವುದು ತುದಿ ಹೋದ ದಾರಿಯಲ್ಲೇ. ಕೋಲು ಬಾಗದ ಕಬ್ಬಿಣದ ಸರಳಾಗಿದ್ದರೆ, ಮುಂಗೈ ತಿರುಗಿಸಿದಾಗ ತುದಿ ಕಾಮನಬಿಲ್ಲಿನಂತೆ ಕಮಾನು ಬರೆಯುತ್ತಿತ್ತು ಮತ್ತು ಲೂಪ್ ಬಾಯಿ ತೆರೆದುಕೊಳ್ಳುತ್ತಿತ್ತು. ಬಳುಕುವ ಕೋಲು ನಡುವಿನಲ್ಲಿ ಬಾಗಿ ಗಿಡ್ಡವಾಗುತ್ತದೆ, ಕೊನೆಯಲ್ಲಿ ನೆಟ್ಟಗಾಗುತ್ತದೆ. ಹೀಗೆ ಕಮಾನಿನ ಉಬ್ಬು ಅಳಿಸಿಹೋಗುತ್ತದೆ. ಕೋಲು ಸ್ಪ್ರಿಂಗಿನಂತೆ ಶಕ್ತಿ ಕೂಡಿಟ್ಟು ಚಿಮ್ಮಿಸುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದರ ಪಾಲು ಚಿಕ್ಕದು; ಕೋಲು ಮುಖ್ಯವಾಗಿ ನಿಮ್ಮ ಕೈಯನ್ನು ಉದ್ದ ಮಾಡುವ ಸನ್ನೆ.

ಇದರಿಂದ ಒಂದು ನಿಯಮ ಹೊರಡುತ್ತದೆ. ಗಾಳಿಯಲ್ಲಿ ಹಿಡಿದಿರುವ ಲೈನು ಉದ್ದವಾದಷ್ಟೂ ಕೋಲು ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದಷ್ಟೂ ತುದಿಯನ್ನು ನೆಟ್ಟಗಿಡಲು ಕೈ ಹೆಚ್ಚು ದೂರ, ಹೆಚ್ಚು ಅಗಲದ ಕೋನದಲ್ಲಿ ಚಲಿಸಬೇಕು. 8 ಮೀಟರ್ ಲೈನಿಗೆ ಮುಂಗೈಯ ಒಂದು ಪುಟ್ಟ ಬೀಸು ಸಾಕು. 18 ಮೀಟರ್ ಲೈನಿಗೆ ಭುಜ, ಸೊಂಟ, ಪಾದಗಳೆಲ್ಲ ಕೂಡಿಕೊಳ್ಳಬೇಕು.

ಹೆಜ್ಜೆ ಹೆಜ್ಜೆಯಾಗಿ

ಹುಲ್ಲಿನ ಮೈದಾನವಿದ್ದರೆ ಸಾಕು, ನೀರು ಬೇಕೆಂದೇನಿಲ್ಲ. ಕೊಕ್ಕೆಯಿರುವ ಫ್ಲೈ ಬದಲು ಉಣ್ಣೆಯ ಚಿಕ್ಕ ಕುಚ್ಚನ್ನು ಲೀಡರಿಗೆ, ಅಂದರೆ ಲೈನಿನ ತುದಿಗೆ ಸೇರಿಸುವ ತೆಳ್ಳನೆಯ ದಾರಕ್ಕೆ, ಕಟ್ಟಿ. ಟೊಪ್ಪಿ, ಕನ್ನಡಕ ಕಡ್ಡಾಯ. ರೀಲಿನಿಂದ ಬಿಚ್ಚಿದ ಲೈನು ಸುರುಳಿ ಸುರುಳಿಯಾಗಿ ಇರುತ್ತದೆ. ಎರಡು ಕೈಗಳಲ್ಲಿ ಹಿಡಿದು ತುಸು ಜಗ್ಗಿ ಆ ಸುರುಳಿ ಬಿಡಿಸಿಕೊಳ್ಳಿ.

ಬಲಗೈಯವರು ಎಡಗಾಲನ್ನು ಮುಂದಿಟ್ಟು, ಎದೆ ಬಲಕ್ಕೆ ತುಸು ತಿರುಗಿರುವಂತೆ ನಿಲ್ಲಬೇಕು. ಹೀಗೆ ನಿಂತರೆ ಕೈಗೆ ಹಿಂದಕ್ಕೆ ಹೋಗಲು ಜಾಗ ಸಿಗುತ್ತದೆ ಮತ್ತು ಹಿಂಬೀಸನ್ನು ಕಣ್ಣಾರೆ ನೋಡಬಹುದು. ಕೋಲಿನ ತುದಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಲೈನು ಎಲ್ಲೂ ಸಡಿಲವಿಲ್ಲದಂತೆ ನೆಟ್ಟಗೆ ಮಾಡಿ ಶುರುಮಾಡಿ. ಸಡಿಲವಿದ್ದರೆ ನಿಮ್ಮ ಬೀಸಿನ ಮೊದಲರ್ಧ ಆ ಸಡಿಲವನ್ನು ತುಂಬುವುದರಲ್ಲೇ ಖರ್ಚಾಗುತ್ತದೆ.

ಈಗ ಹಿಂಬೀಸು. ನಿಧಾನವಾಗಿ ಆರಂಭಿಸಿ, ಒಂದೇ ಸಮನೆ ವೇಗ ಏರಿಸುತ್ತ ಬಂದು, ಕೊನೆಯಲ್ಲಿ ಮುಂಗೈ ತಿರುಗಿಸಿ ಥಟ್ಟನೆ ನಿಲ್ಲಿಸಿ. ಆರಂಭದಲ್ಲೇ ಜೋರಾಗಿ ಜಗ್ಗಿದರೆ ಕೋಲು ಬೇಗ ಬಾಗಿ, ನಡುವಿನಲ್ಲಿ ಬಿಚ್ಚಿಕೊಂಡು, ತುದಿಯ ದಾರಿ ತಗ್ಗಾಗುತ್ತದೆ. ಆಗ ಲೂಪಿನ ಮೇಲಿನ ಕಾಲು ಕೆಳಗಿನ ಕಾಲನ್ನು ಅಡ್ಡಹಾಯುತ್ತದೆ, ಲೀಡರಿನಲ್ಲಿ ಗಂಟು ಬೀಳುತ್ತದೆ. ಇದಕ್ಕೆ ಟೇಲಿಂಗ್ ಲೂಪ್ ಎಂದು ಹೆಸರು. ದೂರ ಬೀಸಲು ಹೊರಟವರನ್ನೆಲ್ಲ ಕಾಡುವ ತೊಂದರೆ ಇದು, ಮತ್ತು ಬಹುತೇಕ ಸಲ ಅದರ ಮೂಲ ಅವಸರ.

ನಿಲ್ಲಿಸಿದ ಮೇಲೆ ಕಾಯಬೇಕು. ಗಾಳಿಯಲ್ಲಿ 15 ಮೀಟರ್ ಲೈನಿದ್ದು ಲೂಪ್ ಸೆಕೆಂಡಿಗೆ 15 ಮೀಟರ್ ಹೋಗುತ್ತಿದ್ದರೆ, ಅದು ಪೂರ್ತಿ ಬಿಚ್ಚಿಕೊಳ್ಳಲು ಸುಮಾರು ಒಂದು ಸೆಕೆಂಡ್ ಬೇಕು. ಕೋಲು ಹಿಡಿದು ನಿಂತವರಿಗೆ ಆ ಒಂದು ಸೆಕೆಂಡ್ ಒಂದು ಯುಗದಂತೆ ಅನ್ನಿಸುತ್ತದೆ. ಕಾಯುವಾಗ ಕೈಯನ್ನು ಸುಮ್ಮನಿಡದೆ, ಹೋಗುತ್ತಿರುವ ಲೈನಿನ ಜೊತೆಗೇ ಕೋಲನ್ನು ಹಗುರವಾಗಿ ಹಿಂದಕ್ಕೆ, ಮೇಲಕ್ಕೆ ತೇಲಿಬಿಡಿ. ಬಲ ಹಾಕಬಾರದು. ಮುಂಬೀಸಿಗೆ ಬೇಕಾದ ಉದ್ದದ ಓಟ ನಿಮಗೆ ಸಿಗುವುದು ಇಲ್ಲಿಯೇ. ಲೈನು ಕೋಲನ್ನು ಮೆಲ್ಲಗೆ ಹಿಂದಕ್ಕೆ ಜಗ್ಗಿದಂತೆ ಅನ್ನಿಸಿದಾಗ ಮುಂಬೀಸು ಆರಂಭಿಸಿ: ಮೈಭಾರ ಮುಂದಿನ ಕಾಲಿಗೆ, ಮೊಣಕೈ ಮುಂದಕ್ಕೆ, ಮುಂಗೈ ಎಲ್ಲಕ್ಕಿಂತ ಕೊನೆಗೆ.

ಎಡಗೈಯ ಕೆಲಸ

ಕೋಲು ಬೀಸುತ್ತಿರುವಾಗಲೇ ಎಡಗೈಯಿಂದ ಲೈನನ್ನು ಕೆಳಕ್ಕೆ ಎಳೆಯುವುದಕ್ಕೆ ಹಾಲ್ ಎನ್ನುತ್ತಾರೆ. ಹಿಂದೆ ಒಮ್ಮೆ, ಮುಂದೆ ಒಮ್ಮೆ ಎಳೆದರೆ ಡಬಲ್ ಹಾಲ್. ಅಮೆರಿಕದ ಸ್ಪರ್ಧೆಗಳಲ್ಲಿ ಇದನ್ನು ಪ್ರಸಿದ್ಧಗೊಳಿಸಿದವರು ಒರೆಗಾನ್ ರಾಜ್ಯದ ಮಾರ್ವಿನ್ ಹೆಜ್, 1934ರಲ್ಲಿ. ಆಗ ಕೋಲು ಬಿದಿರಿನದು, ಲೈನು ರೇಷ್ಮೆಯದು. ಸಾಮಗ್ರಿಗಳೆಲ್ಲ ಬದಲಾದರೂ ಈ ಎಳೆತವನ್ನು ಮೀರಿಸುವ ಉಪಾಯ ಇನ್ನೂ ಬಂದಿಲ್ಲ.

ಕಾರಣ ಸರಳ. ಕೋಲಿನ ತುದಿ ಸೆಕೆಂಡಿಗೆ 25 ಮೀಟರ್ ವೇಗದಲ್ಲಿದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅದೇ ಹೊತ್ತಿಗೆ ಎಡಗೈ ಲೈನನ್ನು 5 ಮೀಟರ್ ವೇಗದಲ್ಲಿ ಎಳೆದರೆ ಲೈನಿನ ವೇಗ 30 ಆಗುತ್ತದೆ. ವೇಗ ಹೆಚ್ಚಿದ್ದು ಐದನೇ ಒಂದು ಭಾಗ; ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಹೆಚ್ಚಿದ್ದು ಶೇ 44. ಅದೂ ಕೋಲಿನ ಕೋನವನ್ನು ಒಂದಿಷ್ಟೂ ಹಿಗ್ಗಿಸದೆ, ಅಂದರೆ ಲೂಪನ್ನು ಅಗಲ ಮಾಡದೆ.

ಎಳೆತದ ಸಮಯ ಮುಖ್ಯ. ಬೀಸಿನ ಆರಂಭದಲ್ಲಿ ಎಳೆದರೆ ವ್ಯರ್ಥ. ಮುಂಗೈ ತಿರುಗುವ ಕ್ಷಣಕ್ಕೆ ಎಳೆತವೂ ತುತ್ತತುದಿ ಮುಟ್ಟಬೇಕು. ಹಿಂಬೀಸಿನ ಎಳೆತ ಮುಗಿದ ಕೂಡಲೇ, ಲೈನು ಬಿಚ್ಚಿಕೊಳ್ಳುತ್ತಿರುವಾಗ, ಅದು ಕೇಳಿದಷ್ಟನ್ನು ಕೊಡುತ್ತ ಎಡಗೈ ಮತ್ತೆ ಮೇಲೇರಿ ಬಲಗೈಯ ಬಳಿಗೆ ಬರಬೇಕು. ಎಡಗೈ ಅವಸರದಲ್ಲಿ ಮೇಲೇರಿದರೆ ಕೋಲಿನ ಮೊದಲ ಉಂಗುರದ ಬಳಿ ಸಡಿಲ ಕಾಣಿಸುತ್ತದೆ. ಕಲಿಯಲು ಒಳ್ಳೆಯ ಉಪಾಯವೆಂದರೆ ಕೋಲನ್ನು ಅಡ್ಡಲಾಗಿ ಹಿಡಿದು, ನೆಲದ ಮೇಲೆಯೇ ಒಂದೊಂದು ಬೀಸಿಗೂ ನಿಲ್ಲಿಸಿ, ಲೈನು ಬಿದ್ದದ್ದನ್ನು ನೋಡಿ ಮುಂದುವರಿಯುವುದು.

ಬಿಡುವುದು ಯಾವಾಗ?

ದೂರದ ಬೀಸಿನಲ್ಲಿ ಎಲ್ಲ ಲೈನನ್ನೂ ಗಾಳಿಯಲ್ಲಿ ಹಿಡಿಯುವುದಿಲ್ಲ. ದಪ್ಪನೆಯ ತಲೆಭಾಗವನ್ನು ಹೊರಗೆ ಹಾಕಿ, ತೆಳುವಾದ ಹಿಂಭಾಗವನ್ನು ಕಾಲ ಬಳಿ ಇಟ್ಟುಕೊಂಡು, ಕೊನೆಯ ಬೀಸಿನಲ್ಲಿ ಬಿಟ್ಟುಕೊಡಲಾಗುತ್ತದೆ. ಓಡುವ ಲೂಪ್ ಅದನ್ನು ಎಳೆದೊಯ್ಯುತ್ತದೆ. ಮೀಟರಿಗೆ ಒಂದು ಗ್ರಾಂ ತೂಕದ ಲೈನು ಸೆಕೆಂಡಿಗೆ 30 ಮೀಟರ್ ವೇಗದಲ್ಲಿದ್ದರೆ ಆ ಎಳೆತ ಸುಮಾರು 23 ಗ್ರಾಂ ತೂಕ ತೂಗುಹಾಕಿದಷ್ಟು ಮಾತ್ರ. ಕಾಲಡಿ ಸಿಕ್ಕಿಕೊಂಡ ಒಂದು ಸುರುಳಿ, ಲೈನಿಗೆ ಅಂಟಿದ ಕೊಳೆ ಅದನ್ನು ನುಂಗಿಬಿಡುತ್ತವೆ. ಹಾಗಾಗಿ ಲೈನನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಟ್ಟುಕೊಳ್ಳುವುದು ಹೊಸ ಕೋಲು ಕೊಳ್ಳುವುದಕ್ಕಿಂತ ಹೆಚ್ಚು ದೂರ ತಂದುಕೊಡುತ್ತದೆ. ಕೋಲು ನಿಂತ ಮೇಲೆ ಬಿಡಿ. ನಿಲ್ಲುವ ಮೊದಲೇ ಬಿಟ್ಟರೆ ಲೂಪೇ ಕಟ್ಟುವುದಿಲ್ಲ. ಮುಂಬೀಸಿನ ಗುರಿ ತುಸು ಮೇಲಕ್ಕಿರಲಿ, ಮತ್ತು ಹಿಂಬೀಸು ಅದರ ನೇರಕ್ಕೆ ಅಷ್ಟೇ ಕೆಳಕ್ಕಿರಲಿ. ಎರಡೂ ಒಂದೇ ಗೆರೆಯ ಎರಡು ತುದಿಗಳಂತಿರಬೇಕು.

ಗಾಳಿ ಬೀಸುತ್ತಿದ್ದರೆ ಆ ಗೆರೆಯನ್ನು ಓರೆ ಮಾಡಬೇಕು. ಗಾಳಿ ಎದುರಿದ್ದರೆ ಹಿಂಬೀಸು ಎತ್ತರಕ್ಕೆ, ಮುಂಬೀಸು ನೀರಿಗೆ ಹತ್ತಿರವಾಗಿ ತಗ್ಗಿನಲ್ಲಿ. ಬೆನ್ನ ಹಿಂದಿನಿಂದ ಬರುತ್ತಿದ್ದರೆ ಇದಕ್ಕೆ ವಿರುದ್ಧ, ಮತ್ತು ಆಗ ಕಷ್ಟದ ಕೆಲಸವೆಲ್ಲ ಹಿಂಬೀಸಿನದು. ಬಲಗೈಯವರಿಗೆ ಬಲಗಡೆಯಿಂದ ಗಾಳಿ ಬಂದರೆ ಫ್ಲೈ ನೇರ ಮೈಮೇಲೆ ಬರುತ್ತದೆ. ಅಂಥ ದಿನ ನೀರಿಗೆ ಬೆನ್ನು ಮಾಡಿ ನಿಂತು, ದಡದ ಕಡೆಗೆ ಮುಂಬೀಸು ಹಾಕಿ, ತಲೆ ತಿರುಗಿಸಿ ನೋಡುತ್ತ, ಹಿಂಬೀಸಿನಲ್ಲೇ ಫ್ಲೈಯನ್ನು ನೀರಿಗೆ ಇಳಿಸಿ.