ಕಂಪ್ಯೂಟರಿಗೆ ವಾಟರ್ ಕೂಲರ್ ಕೊಳ್ಳುವ ಮೊದಲು ಅಳೆದು ನೋಡಿದೆ

ಬೆಟಗೇರಿಯ ನಮ್ಮ ಮನೆಯ ಮಹಡಿ ಕೋಣೆಗೆ ಪಶ್ಚಿಮದ ಬಿಸಿಲು ನೇರವಾಗಿ ಬೀಳುತ್ತದೆ. ಶಾಲಾ ಪಾಠಗಳಿಗಾಗಿ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಅನಿಮೇಷನ್ ಮಾಡುವ ನನ್ನ ಕಂಪ್ಯೂಟರ್ ಇರುವುದು ಅಲ್ಲಿಯೇ. ಕಳೆದ ಏಪ್ರಿಲ್‌ನಲ್ಲಿ ರೆಂಡರ್, ಅಂದರೆ ದೃಶ್ಯಗಳನ್ನು ಅಂತಿಮ ಚಿತ್ರಗಳಾಗಿ ಮಾಡುವ ಕೆಲಸ, ಆರಂಭಿಸಿದ ಹತ್ತೇ ನಿಮಿಷಕ್ಕೆ ಪ್ರೊಸೆಸರಿನ ಉಷ್ಣತೆ 100 ಡಿಗ್ರಿ ಮುಟ್ಟಿ, ವೇಗ 4.4 ಗಿಗಾಹರ್ಟ್ಸ್‌ನಿಂದ 3.4ಕ್ಕೆ ಇಳಿಯತೊಡಗಿತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, 240 ಮಿ.ಮೀ. ರೇಡಿಯೇಟರಿನ ವಾಟರ್ ಕೂಲರ್ ಹಾಕಿಸಿ ಎಂದರು. ಹಣ ಕೊಡುವ ಮೊದಲು ಒಂದು ವಾರ ಅಳೆದು ನೋಡೋಣವೆಂದು ಮರಳಿದೆ.

ನನ್ನಲ್ಲಿದ್ದ ಒಂದು ತಪ್ಪು ಕಲ್ಪನೆಯನ್ನು ಮೊದಲು ತಿದ್ದಿಕೊಳ್ಳಬೇಕಾಯಿತು. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಓಡುವ ಏರ್ ಕೂಲರ್‌ನಲ್ಲಿ ನೀರು ಆವಿಯಾಗುವುದರಿಂದ ಗಾಳಿ ತಂಪಾಗುತ್ತದೆ. ಮಣ್ಣಿನ ಕೊಡದ ನೀರು ತಣ್ಣಗಿರುವುದೂ ಅದೇ ಕಾರಣಕ್ಕೆ. ಕಂಪ್ಯೂಟರಿನ ವಾಟರ್ ಕೂಲಿಂಗ್ ಹಾಗಲ್ಲ, ಟ್ರ್ಯಾಕ್ಟರಿನ ರೇಡಿಯೇಟರ್ ಇದ್ದಂತೆ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ದ್ರವವು ಶಾಖವನ್ನು ರೇಡಿಯೇಟರಿನವರೆಗೆ ಹೊತ್ತೊಯ್ಯುತ್ತದೆ, ಅಲ್ಲಿಂದ ಅದನ್ನು ಹೊರಹಾಕುವುದು ಫ್ಯಾನಿನ ಗಾಳಿಯೇ. ಆದ್ದರಿಂದ ಕೋಣೆಯ ಉಷ್ಣತೆಗಿಂತ ಕೆಳಗೆ ಅದು ಇಳಿಸಲಾರದು. ಕೋಣೆಯೇ 36 ಡಿಗ್ರಿ ಇದ್ದರೆ ಲೆಕ್ಕ ಶುರುವಾಗುವುದು 36ರಿಂದ. ಅಂದಿನಿಂದ ಪ್ರತಿ ಅಳತೆಯ ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆದು, ಎರಡರ ಅಂತರವನ್ನೇ ಹೋಲಿಸಿದೆ.

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟು ಅದೇ ದೃಶ್ಯವನ್ನು ಮತ್ತೆ ರೆಂಡರ್ ಮಾಡಿದಾಗ ಉಷ್ಣತೆ 91ಕ್ಕೆ ನಿಂತಿತು. ಅಂದರೆ ಒಳಗೆ ಹೊಸ ಗಾಳಿಯೇ ಬರುತ್ತಿರಲಿಲ್ಲ. ಮುಂದಿನ ಜಾಳಿಗೆ ಬಿಚ್ಚಿದರೆ, ಎರೆಹೊಲದ ಕಪ್ಪು ಧೂಳೂ ಓಣಿಯ ಮಗ್ಗಗಳಿಂದ ತೇಲಿಬಂದ ಹತ್ತಿಯ ನಾರೂ ಕೂಡಿಕೊಂಡು, ಉಗುರಿನಿಂದ ಎತ್ತಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಸುಲಿದು ಬರುವಷ್ಟು ದಪ್ಪಗೆ ಕೂತಿದ್ದವು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ನಮ್ಮ ಕಿಟಕಿಗೆ ತರುವುದು ಇದನ್ನೇ. ರೇಡಿಯೇಟರಿನ ಒತ್ತೊತ್ತಾದ ರೆಕ್ಕೆಗಳ ನಡುವೆ ಇದೇ ಧೂಳು ಕೂತರೆ ವಾಟರ್ ಕೂಲರೂ ಕೈಚೆಲ್ಲುತ್ತದೆ ಎಂಬುದು ಅಲ್ಲೇ ಮನದಟ್ಟಾಯಿತು.

ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಒರೆಸಿ ಹೊಸದು ಹಚ್ಚಿದೆ. ನಾನೇ ಹಿಂದೆ ಕೂರಿಸಿದ್ದ ಸಣ್ಣ ಕೂಲರನ್ನು ತೆಗೆದು, ನಾಲ್ಕು ಹೀಟ್ ಪೈಪುಗಳ, 120 ಮಿ.ಮೀ. ಫ್ಯಾನಿನ ಟವರ್ ಕೂಲರ್ ಹಾಕಿದೆ. ಆ ತಾಮ್ರದ ಪೈಪುಗಳೊಳಗೂ ಚೂರು ದ್ರವವಿರುತ್ತದೆ. ಅದು ಬಿಸಿಗೆ ಆವಿಯಾಗಿ, ತುದಿಯಲ್ಲಿ ತಣಿದು, ತಾನೇ ಮರಳಿ ಬರುತ್ತದೆ. ಪಂಪ್ ಬೇಡ, ಸವೆಯುವ ಭಾಗವೆಂದರೆ ಫ್ಯಾನ್ ಒಂದೇ. ವಾಟರ್ ಕೂಲರ್‌ನಲ್ಲಿ ಪಂಪ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಬೇಕು.

ಕೊನೆಗೆ ಪ್ರೊಸೆಸರ್ ಎಷ್ಟು ವಿದ್ಯುತ್ ಎಳೆಯುತ್ತದೆಂದು ನೋಡಿದೆ. ನನ್ನದು ಇಂಟೆಲ್ ಕೋರ್ ಐ7-12700. ಮೂಲ ಮಿತಿ 65 ವ್ಯಾಟ್, ಟರ್ಬೊದಲ್ಲಿ, ಅಂದರೆ ತಾನೇ ವೇಗ ಹೆಚ್ಚಿಸಿಕೊಂಡಾಗ, 180. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ 125ಕ್ಕೆ ಮಿತಿ ಹಾಕಿದಾಗ, ಆ ಮಿತಿಯಿಲ್ಲದೆ 21 ನಿಮಿಷದಲ್ಲಿ ಮುಗಿಯುವ ರೆಂಡರ್‌ಗೆ 23 ನಿಮಿಷ ಹಿಡಿಯಿತು. ಬಿಸಿಯೇರಿ ವೇಗ ಕುಸಿಯುತ್ತಿದ್ದಾಗ ಅದೇ ಕೆಲಸಕ್ಕೆ 26 ನಿಮಿಷ ಬೇಕಾಗಿತ್ತು. 253 ವ್ಯಾಟ್‌ವರೆಗೆ ಎಳೆಯುವ ಐ9-13900ಕೆ ನನ್ನಲ್ಲಿದ್ದು, ಅದನ್ನು ಗಂಟೆಗಟ್ಟಲೆ ಪೂರ್ಣ ವೇಗದಲ್ಲಿ ಓಡಿಸುವ ಕೆಲಸವಿದ್ದಿದ್ದರೆ ವಾಟರ್ ಕೂಲರನ್ನೇ ಕೊಳ್ಳುತ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಕೋಣೆ 37 ಡಿಗ್ರಿ ಇದ್ದಾಗ ಪ್ರೊಸೆಸರ್ 82ರಲ್ಲಿ ನಿಂತು ಕೆಲಸ ಮುಗಿಸಿತು. ಈಗ ಎರಡು ವಾರಕ್ಕೊಮ್ಮೆ ಜಾಳಿಗೆ ಬಿಚ್ಚಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಹಾಕುತ್ತೇನೆ.